ಎಡಗಡೆಯ ಬ್ರೇಕು

ಇಪ್ಪತ್ತೆಂಟು ವರ್ಷ ಎಡಗಡೆಯ ಸೀಟಿನಲ್ಲೇ ಕೂತವನು ನಾನು.
ಅಲ್ಲಿ ಸ್ಟೀರಿಂಗ್ ಇಲ್ಲ, ಎಕ್ಸಲರೇಟರ್ ಇಲ್ಲ,
ಕಾಲ ಕೆಳಗೆ ಒಂದು ಕ್ಲಚ್ಚು, ಒಂದು ಬ್ರೇಕು, ಅಷ್ಟೇ.
ಅರ್ಧ ಕೋಥರೂಡಿಗೆ ಡ್ರೈವಿಂಗ್ ಕಲಿಸಿದ್ದು ಆ ಬ್ರೇಕು:
ಬ್ಯಾಂಕಿನ ಮ್ಯಾನೇಜರರು, ಮದುವೆ ಗೊತ್ತಾದ ಹುಡುಗಿಯರು,
ಅರವತ್ತಾದ ಮೇಲೆ ಧೈರ್ಯ ಬಂದ ಒಬ್ಬ ಸಂಸ್ಕೃತದ ಮೇಷ್ಟ್ರು.
ಸಾವಕಾಶ ಅನ್ನುವುದು ಕನ್ನಡದಲ್ಲೂ ಮರಾಠಿಯಲ್ಲೂ ಒಂದೇ;
ಅದೊಂದು ಶಬ್ದದ ಮೇಲೆ ನನ್ನ ಮನೆ ನಡೆದಿದೆ.

ಅಂಥವನ ಮೇಲೆ ಈಗ ಎರಡು ಕಲಮು.
ಅತಿವೇಗ, ಯಂತ್ರ ಹಿಡಿದದ್ದು.
ಅಜಾಗರೂಕತೆ, ಹವಾಲ್ದಾರ ಕೈಬರಹದಲ್ಲಿ ಸೇರಿಸಿದ್ದು.

ಶಿವಾಜಿನಗರ ಕೋರ್ಟಿನ ಬಾಗಿಲಲ್ಲಿ ಕೂಗುವವನು ಕೂಗಿದ:
"ಗುರುಸಿದ್ ಕಾವಳೇ ಕಾಯ್?"
ಕವಳಿಕಾಯಿ ನಮ್ಮ ಅಡ್ಡಹೆಸರು.
ಅವನ ಮರಾಠಿಯಲ್ಲಿ ಅದು "ಕಾಗೆಗಳಾ, ಏನು?" ಎಂದಾಯಿತು.
ಏನು ಅಂದರೆ ಏನು ಹೇಳಲಿ.
ಹಾಜರ್ ಅಂದೆ.

ವಕೀಲೆ ಮುಕ್ತಾ ಸೋಹೋನಿ ನನ್ನ ಹಳೆಯ ಶಿಷ್ಯೆ.
ಕರ್ವೆ ರಸ್ತೆಯ ಸಿಗ್ನಲ್ಲಿನಲ್ಲಿ ಐದು ಸಲ ಗಾಡಿ ಬಂದ್ ಮಾಡಿ
ಆರನೆಯ ಸಲ ಅತ್ತವಳು.
ಹಿಂದಿನ ದಿನ ಅವಳ ಆಫೀಸಿನಲ್ಲಿ
ಕನ್ನಡಕದ ಮೇಲಿಂದ ನನ್ನನ್ನು ನೋಡಿದಳು,
"ಮೊದಲು ಕನ್ನಡಿ ನೋಡು" ಅಂತ ನಾನೇ ಕಲಿಸಿದ ನೋಟ.

"ಕಾರಣ ಬೇಕು ಸರ್. ಆಸ್ಪತ್ರೆ? ಮನೆಯಲ್ಲಿ ಯಾರಿಗಾದರೂ?"
ಯಾರಿಗೂ ಏನೂ ಆಗಿರಲಿಲ್ಲ.
ಹೆಂಡತಿಯ ತಮ್ಮನ ಹೊಸ ಕಾರು ಸಾತಾರಾದಿಂದ ತರುತ್ತಿದ್ದೆ,
ಬೆಳಗಿನ ಐದು ಗಂಟೆ, ಪಕ್ಕದಲ್ಲಿ ಯಾರೂ ಇಲ್ಲ.
ಕಾತ್ರಜದ ಸುರಂಗ ಮುಗಿದು ನವಲೆ ಸೇತುವೆಯ ಇಳಿಜಾರು ಬಂತು,
ಬಲಗಾಲು ತನ್ನಷ್ಟಕ್ಕೆ ತಾನೇ
ಎಷ್ಟೋ ವರ್ಷದ ಉಪವಾಸ ಮುರಿದ ಹಾಗೆ ಊರಿತು.
ಅರವತ್ತರ ಫಲಕ. ತೊಂಬತ್ನಾಲ್ಕರ ಮುಳ್ಳು.
ಹಲ್ಲು ಕಿರಿದಿದ್ದೆ, ಫೋಟೋದಲ್ಲಿದೆ.

"ಇದನ್ನು ಹೇಳುವ ಹಾಗಿಲ್ಲ," ಅಂದಳು. "ಸುಳ್ಳೂ ಬೇಡ, ಬಿಡಿ.
ವೇಗ ಒಪ್ಪಿಕೊಳ್ಳೋಣ, ಯಂತ್ರದ ಜೊತೆ ಏನು ಜಗಳ.
ಆದರೆ ಆ ಇನ್ನೊಂದು ಅಂಟಿತೋ
ಲೈಸೆನ್ಸೂ ಹೋಯಿತು, ಸ್ಕೂಲಿಗೂ ಬೀಗ.
ರಸ್ತೆಯಲ್ಲಿ ಯಾರಿದ್ದರು?"

ಫೋಟೋದಲ್ಲಿ ಯಾರೂ ಇಲ್ಲ.

ಫೋಟೋದ ಅಂಚಿಗೆ ನಾಲ್ಕು ಮಾರು ಆಚೆ ಒಬ್ಬನಿದ್ದ.
ಸೈಕಲ್ಲಿಗೆ ಕೊತ್ತಂಬರಿಯ ಗೋಣಿ ಕಟ್ಟಿ
ದಾಟಲೆಂದು ಮುಂದಿನ ಗಾಲಿ ಇಳಿಸಿದ್ದವನು
ಗಾಲಿಯನ್ನು ಹಿಂದಕ್ಕೆಳೆದುಕೊಂಡ.
ಬೈಯಲಿಲ್ಲ. ಕೈಯೆತ್ತಿದ,
ದೊಡ್ಡವರಿಗೆ ದಾರಿ ಬಿಡುವ ಹಾಗೆ.
ನನ್ನ ಎಡಗಾಲು ಆಗ, ದೇವರಾಣೆ,
ಪಕ್ಕದ ಖಾಲಿ ಸೀಟಿನತ್ತ ಜಿಗಿಯಿತು
ಅಲ್ಲಿಲ್ಲದ ಬ್ರೇಕು ಹುಡುಕಿ.

ಇದನ್ನು ಅವಳಿಗೆ ಹೇಳಿದೆನೋ ಇಲ್ಲವೋ.
ಹೇಳಿದೆ. ಅವಳು ಪೆನ್ನಿನ ಮುಚ್ಚಳ ಹಾಕಿದಳು.

ಮ್ಯಾಜಿಸ್ಟ್ರೇಟರು ತರುಣರು, ನೆಗಡಿಯಾಗಿತ್ತು.
ಅವಳು ಮಾತಾಡಿದ್ದು ನಾಲ್ಕೇ ನಿಮಿಷ:
ಇಪ್ಪತ್ತೆಂಟು ವರ್ಷ, ಒಂದು ಗೀರೂ ಇಲ್ಲದ ದಾಖಲೆ,
ಬೆಳಗಿನ ಜಾವ, ಫೋಟೋ ತೋರಿಸುವಂತೆ ರಸ್ತೆ ನಿರ್ಜನ.
ನಿರ್ಜನ. ಅದೂ ಎರಡು ಭಾಷೆಗೆ ಒಂದೇ ಶಬ್ದ.
"ನಿಮಗೇನಾದರೂ ಹೇಳುವುದಿದೆಯೇ?"
ಬಾಯಿ ತೆರೆದೆ.
ಮೇಜಿನ ಮರೆಯಲ್ಲಿ ಅವಳ ಚಪ್ಪಲಿ
ನನ್ನ ಬೂಟಿನ ಮೇಲೆ ಮೆಲ್ಲಗೆ, ಪೂರ್ತಿ, ಊರಿತು.
ಹೇಗೆ ಕಲಿಸಿದ್ದೆನೋ ಹಾಗೆ. ಜರ್ಕು ಹೊಡೆಯದ ಹಾಗೆ.
ನಾನು ನಿಂತೆ.

ಅಜಾಗರೂಕತೆ ಬಿತ್ತು. ವೇಗಕ್ಕೆ ಎರಡು ಸಾವಿರ, ರಸೀದಿ ಸಮೇತ.
ಹೊರಗೆ ಚಹಾ ಕುಡಿಯುತ್ತ ಫೀಸು ಕೇಳಿದೆ.
"ಅವತ್ತು ಆರನೆಯ ಸಲವೂ ನೀವು ಬೈಯಲಿಲ್ಲ," ಅಂದಳು,
ಬಸ್ಸು ಬಂತು, ಹೋದಳು.

ಈಗ ವಾರಕ್ಕೊಂದು ದಿನ ಐದು ಗಂಟೆಗೆ
ಎಲ್ ಬೋರ್ಡಿನ ಗಾಡಿಯಲ್ಲಿ, ಸರ್ವಿಸ್ ರಸ್ತೆ ಹಿಡಿದು,
ಇಪ್ಪತ್ತರಲ್ಲಿ ಆ ಇಳಿಜಾರು ಇಳಿಯುತ್ತೇನೆ.
ಹಿಂದಿನ ರಿಕ್ಷಾದವನು ಹಾರ್ನಿನಲ್ಲೇ ನನ್ನ ತಾಯಿಯನ್ನು ನೆನೆಯುತ್ತಾನೆ.
ಸೈಕಲ್ಲುಗಳು ಬಹಳ. ಕೊತ್ತಂಬರಿಯೂ ಬಹಳ.
ತೊಂಬತ್ನಾಲ್ಕರಲ್ಲಿ ಒಂದು ಮುಖ ಎಷ್ಟು ಹೊತ್ತು ಕಾಣುತ್ತದೆ,
ಲೆಕ್ಕ ಹಾಕಿದರೆ ಬರುತ್ತದೆ.
ಹಾಕಿಲ್ಲ.